ಬಿಳಿ, ಕೆಂಪು, ಕಪ್ಪು: ಯಾವ ಅಡುಗೆಗೆ ಯಾವ ಮಿಸೊ ತರ್ಬೇಕು

ಮಿಸೊ ಅಂದ್ರೆ ಸೋಯಾ ಕಾಳು ಹುದುಗಿಸಿ ಮಾಡೋ ಜಪಾನಿನ ಉಪ್ಪುಪ್ಪು ಪೇಸ್ಟು. ಮೊದ್ಲು ಉತ್ತರ ಹೇಳ್ಬಿಡ್ತೀನಿ, ಕಾರಣ ಆಮೇಲೆ. ಫ್ರಿಜ್‌ನಲ್ಲಿ ಒಂದೇ ಡಬ್ಬಕ್ಕೆ ಜಾಗ ಇದ್ರೆ ಅಕ್ಕಿ ಕೋಜಿಯಿಂದ (ಬೂಷ್ಟು ಬೆಳೆಸಿದ ಅಕ್ಕಿ) ಮಾಡಿರೋ, ತಿಳಿ ಕಂದು ಬಣ್ಣದ ಶಿನ್ಶು ಮಿಸೊ ತಗೊಳ್ಳಿ. ಎರಡಕ್ಕೆ ಜಾಗ ಇದ್ರೆ ಎರಡನೇದು ಕ್ಯೋಟೊ ಕಡೆಯ ಸಿಹಿ ಬಿಳಿ ಮಿಸೊ, ಸೈಕ್ಯೊ ಅಂತಾರೆ ಅದಕ್ಕೆ. ಮೂರನೇ ಡಬ್ಬ ಬೇಕು ಅನ್ನೋಷ್ಟು ರುಚಿ ಹತ್ತಿದ್ರೆ ಹಾಚ್ಚೊ, ಅದು ಹೆಚ್ಚುಕಮ್ಮಿ ಕಪ್ಪೇ ಇರತ್ತೆ. ಮತ್ತೆ ನೀವು ಸಸ್ಯಾಹಾರಿಗಳಾಗಿದ್ರೆ ಯಾವ ಬಣ್ಣದ್ದೇ ಆಗ್ಲಿ, 'ದಾಶಿ ಇರಿ' ಅಂತ ಬರೆದಿರೋ ಡಬ್ಬ ಬಿಟ್ಬಿಡಿ, ದಾಶಿ ಅಂದ್ರೆ ಸಾರಿಗೆ ತಳವಾಗೋ ರಸ, ಇಂಥ ಡಬ್ಬದಲ್ಲಿ ಸಾಮಾನ್ಯವಾಗಿ ಮೀನಿನ ಸಾರ ಮೊದ್ಲೇ ಬೆರೆಸಿರ್ತಾರೆ.

ನಾವಿರೋದು ಜಪಾನಿನ ಐಚಿ ಪ್ರಾಂತ್ಯದಲ್ಲಿ, ನಗೋಯಾಗೆ ಹತ್ರ. ಇಲ್ಲಿ ಯಾವ ಸೂಪರ್‌ಮಾರ್ಕೆಟ್‌ಗೆ ಹೋದ್ರೂ ಮಿಸೊಗೇ ಅಂತ ಒಂದು ಸಾಲು ಇರತ್ತೆ, ಕೆನೆ ಬಣ್ಣದಿಂದ ಶುರುವಾಗಿ ಜೇನು, ಇಟ್ಟಿಗೆ, ಕಾಫಿ ಪುಡಿ ಬಣ್ಣದ ತನಕ. ಬಂದ ಹೊಸದ್ರಲ್ಲಿ ಬಣ್ಣ ನೋಡ್ಕೊಂಡೇ ಆರಿಸ್ತಿದ್ದೆ. ಕೆಂಪು ಅಂದ್ರೆ ಖಾರ ಅಂದ್ಕೊಂಡಿದ್ದೆ, ಡಬ್ಬದ ಮೇಲೆ 'ಕರಕುಚಿ' ಅಂತ ಬೇರೆ ಇತ್ತು, ಫೋನಲ್ಲಿ ಕ್ಯಾಮೆರಾ ಹಿಡಿದು ನೋಡಿದ್ರೆ 'ಖಾರ' ಅಂತ್ಲೇ ಬಂತು, ಖುಷಿಯಿಂದ ತಂದು ಸಾರಿಗೆ ಹಾಕೋ ಹಾಗೆ ದಂಡಿಯಾಗಿ ಹಾಕ್ದೆ, ಬಾಯಿಗಿಟ್ರೆ ಬರೀ ಉಪ್ಪು. ಜಪಾನೀಸ್‌ನಲ್ಲಿ 'ಕರಾಯ್' ಅನ್ನೋ ಒಂದೇ ಮಾತು ಖಾರಕ್ಕೂ ಬಳಸ್ತಾರೆ, ಉಪ್ಪು ಜಾಸ್ತಿ ಇರೋದಕ್ಕೂ ಬಳಸ್ತಾರೆ. ಮಿಸೊ ಡಬ್ಬದ ಮೇಲೆ ಕರಕುಚಿ ಅಂದ್ರೆ ಉಪ್ಪು ಮುಂದಿರೋದು, ಅಮಕುಚಿ ಅಂದ್ರೆ ಸಿಹಿ ಮುಂದಿರೋದು. ಮೆಣಸಿನಕಾಯಿಗೂ ಇದಕ್ಕೂ ಸಂಬಂಧವೇ ಇಲ್ಲ.

ಡಬ್ಬದ ಒಳಗೆ ಏನಾಗಿರತ್ತೆ

ಇದು ಗೊತ್ತಿದ್ರೆ ಆರಿಸೋದು ಸುಲಭ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಸೋಯಾ ಕಾಳು ನೆನೆಸಿ, ಬೆರಳಲ್ಲಿ ಒತ್ತಿದ್ರೆ ನುಜ್ಜಾಗೋ ತನಕ ಬೇಯಿಸಿ ಅರೀತಾರೆ. ಅದಕ್ಕೆ ಉಪ್ಪು ಮತ್ತೆ ಕೋಜಿ ಸೇರಿಸಿ ಗಾಳಿ ಆಡದ ಹಾಗೆ ಒತ್ತಿ ತುಂಬಿ, ಮೇಲೆ ಭಾರ ಇಟ್ಟು ಬಿಡ್ತಾರೆ. ನಮ್ಮಲ್ಲಿ ಉಪ್ಪಿನಕಾಯಿ ಭರಣಿಗೆ ಮಾಡೋ ಉಪಚಾರವೇ ಹೆಚ್ಚುಕಮ್ಮಿ. ಕೋಜಿ ಅಂದ್ರೆ ಆವಿಯಲ್ಲಿ ಬೇಯಿಸಿದ ಅಕ್ಕಿ ಮೇಲೆ ಆಸ್ಪರ್ಜಿಲಸ್ ಒರೈಜೆ ಅನ್ನೋ ಬೂಷ್ಟನ್ನ ಬೇಕಂತಲೇ ಬೆಳೆಸಿರೋದು. ಬೆಚ್ಚಗೆ ಸುಮಾರು ಎರಡು ದಿನ ಇಟ್ರೆ ಅಕ್ಕಿ ಕಾಳಿಗೆಲ್ಲ ಬಿಳೀ ಹತ್ತಿ ಸುತ್ತಿದ ಹಾಗಾಗತ್ತೆ, ಮೂಗಿನ ಹತ್ರ ತಂದ್ರೆ ಸಿಹಿಯಾದ ಒಂಥರಾ ಹಿತವಾದ ವಾಸನೆ, ಬೂಷ್ಟು ಅಂತ ಮುಖ ತಿರುಗಿಸೋ ಹಾಗೇ ಇರಲ್ಲ. ಮಿಸೊ ಮಾತ್ರ ಅಲ್ಲ, ಸೋಯಾ ಸಾಸು, ಸಾಕೆ ಅನ್ನೋ ಅಕ್ಕಿ ಮದ್ಯ, ಅಡುಗೆಗೆ ಹಾಕೋ ಸಿಹಿ ಮದ್ಯ ಮಿರಿನ್ ಎಲ್ಲಾ ಈ ಬೂಷ್ಟಿನ ಕೆಲಸವೇ. ಜಪಾನಿನ ಬ್ರೂಯಿಂಗ್ ಸೊಸೈಟಿಯವ್ರು 2006ರಲ್ಲಿ ಇದನ್ನ ದೇಶದ ಬೂಷ್ಟು ಅಂತಲೇ ಘೋಷಿಸಿದ್ರು, ನಮಗೆ ರಾಷ್ಟ್ರಪಕ್ಷಿ ಇದ್ದ ಹಾಗೆ.

ಕೋಜಿ ಒಳಗಿರೋ ಕಿಣ್ವಗಳು ಎರಡು ಕೆಲಸ ಮಾಡ್ತವೆ. ಅಕ್ಕಿಯ ಪಿಷ್ಟ ಒಡೆದು ಸಕ್ಕರೆ ಮಾಡ್ತವೆ, ಸೋಯಾದ ಪ್ರೋಟೀನ್ ಒಡೆದು ಅಮೈನೊ ಆಮ್ಲ ಮಾಡ್ತವೆ. ಆ ಅಮೈನೊ ಆಮ್ಲಗಳಲ್ಲಿ ಗ್ಲುಟಮೇಟ್ ಅನ್ನೋದೇ ನಾಲಿಗೆ ಮೇಲೆ ನಿಲ್ಲೋ ಆ ತುಂಬು ರುಚಿ, ಉಮಾಮಿ ಅಂತಾರಲ್ಲ ಅದು. ಹಾಗಾಗಿ ಲೆಕ್ಕ ಸರಳ: ಅಕ್ಕಿ ಜಾಸ್ತಿ ಹಾಕಿ ಬೇಗ ತೆಗೆದ್ರೆ ಸಿಹಿ, ಸೋಯಾ ಜಾಸ್ತಿ ಹಾಕಿ ತುಂಬಾ ದಿನ ಬಿಟ್ರೆ ಉಮಾಮಿ, ಗಟ್ಟಿ ರುಚಿ. ಉಪ್ಪು ಕಮ್ಮಿ ಇದ್ರೆ ಬೇಗ ಬಳಸ್ಬೇಕು, ಜಾಸ್ತಿ ಇದ್ರೆ ಎಷ್ಟು ದಿನ ಬೇಕಾದ್ರೂ ಹಣ್ಣಾಗೋಕೆ ಬಿಡಬಹುದು. ಬಣ್ಣ ಬರೋದು ಆಮೇಲೆ, ಸಕ್ಕರೆ ಮತ್ತು ಅಮೈನೊ ಆಮ್ಲ ಸೇರಿ ತಿಂಗಳುಗಟ್ಟಲೆ ನಿಧಾನಕ್ಕೆ ಕಂದು ಆಗ್ತಾ ಹೋಗತ್ತೆ, ರೊಟ್ಟಿ ಕಾವಲಿ ಮೇಲೆ ಕೆಂಪಾಗತ್ತಲ್ಲ ಅದೇ ಕ್ರಿಯೆ, ಇಲ್ಲಿ ಬೆಂಕಿ ಬದ್ಲು ಕಾಲ ಕೆಲಸ ಮಾಡತ್ತೆ. ಸೋಯಾ ಬೇಯಿಸೋ ರೀತಿಯಿಂದಲೂ ಬಣ್ಣ ಬದಲಾಗತ್ತೆ, ನೀರಲ್ಲಿ ಕುದಿಸಿ ನೀರು ಬಸಿದ್ರೆ ಬೆಳ್ಳಗೆ, ಆವಿಯಲ್ಲಿ ಬೇಯಿಸಿದ್ರೆ ಕೆಂಪಗೆ. ಆದ್ರಿಂದ ಬಣ್ಣ ಒಂದು ಸುಳಿವು ಕೊಡತ್ತೆ ಅಷ್ಟೇ, ಅದನ್ನೇ ನೆಚ್ಕೊಂಡು ಡಬ್ಬ ಎತ್ಬೇಡಿ.

ಹಿಂದಿನ ಚೀಟಿಯಲ್ಲಿ ನೋಡ್ಬೇಕಾಗಿದ್ದು

ಮೊದಲನೇದು ಕೋಜಿ ಯಾವ ಧಾನ್ಯದ್ದು ಅಂತ. ಅಕ್ಕಿ ಕೋಜಿ ಇದ್ರೆ ಕೊಮೆ ಮಿಸೊ, ಬಾರ್ಲಿ ಇದ್ರೆ ಮುಗಿ ಮಿಸೊ, ಸೋಯಾ ಕಾಳಿನ ಮೇಲೇ ಬೂಷ್ಟು ಬೆಳೆಸಿದ್ರೆ ಮಾಮೆ ಮಿಸೊ. ಜಪಾನಲ್ಲಿ ತಯಾರಾಗೋದ್ರಲ್ಲಿ ಸುಮಾರು ಶೇ. 80ರಷ್ಟು ಅಕ್ಕಿಯದ್ದೇ. ಅಕ್ಕಿಗೆ ಬಳಸೋ ಅಕ್ಷರ ಗುರುತಿಡೋಕೆ ತುಂಬಾ ಸುಲಭ, ಕೂಡಿಸೋ ಚಿಹ್ನೆ ಬರೆದು ಅದ್ರ ನಾಲ್ಕು ಸಂದಿಗೂ ಒಂದೊಂದು ಗೀಟು ಎಳೆದ ಹಾಗಿರತ್ತೆ, ನಕ್ಷತ್ರದ ಥರ. ಗೋಧಿ ಕುಟುಂಬದ ಗ್ಲುಟೆನ್ ಆಗದೇ ಇರೋರು ಬಾರ್ಲಿ ಮಿಸೊ ಬಿಡ್ಬೇಕು, ಮಿಶ್ರ ಮಿಸೊ ಆದ್ರೂ ಬಾರ್ಲಿ ಇದೆಯಾ ನೋಡ್ಬೇಕು.

ಎರಡನೇದು ಉಪ್ಪು. ಜಪಾನಿನ ಡಬ್ಬದಲ್ಲಿ ಉಪ್ಪಿನ ಲೆಕ್ಕದಲ್ಲೇ ಬರೆದಿರ್ತಾರೆ. ಬೇರೆ ದೇಶಕ್ಕೆ ಹೋಗೋ ಡಬ್ಬದಲ್ಲಿ ಸೋಡಿಯಂ ಅಂತ ಇರತ್ತೆ, ಆ ಅಂಕಿನ 2.5ರಿಂದ ಗುಣಿಸಿದ್ರೆ ಹತ್ರ ಹತ್ರ ಉಪ್ಪು ಸಿಗತ್ತೆ. 100 ಗ್ರಾಂಗೆ 4,800 ಮಿಲಿಗ್ರಾಂ ಸೋಡಿಯಂ ಅಂದ್ರೆ 12 ಗ್ರಾಂ ಉಪ್ಪು. ಇದು ಯಾಕೆ ಮುಖ್ಯ ಅಂದ್ರೆ ಬೆಂಗಳೂರಲ್ಲಿ, ಅಮೆರಿಕದಲ್ಲಿ, ಎಲ್ಲಾ ಕಡೆ 'ವೈಟ್ ಮಿಸೊ' ಅಥವಾ 'ಶಿರೊ ಮಿಸೊ' ಅಂತ ಮಾರೋದ್ರಲ್ಲಿ ತುಂಬಾ ಡಬ್ಬಗಳು ನಿಜವಾಗ್ಲೂ ಕ್ಯೋಟೊದ ಸಿಹಿ ಮಿಸೊ ಆಗಿರಲ್ಲ, ಶಿನ್ಶು ಥರದ ತಿಳಿ ಬಣ್ಣದ ಉಪ್ಪಿನ ಮಿಸೊನೇ. ಕ್ಯೋಟೊ ಅಡುಗೆ ವಿಧಾನ ಓದ್ಕೊಂಡು 'ಮೂರು ದೊಡ್ಡ ಚಮಚ ಬಿಳಿ ಮಿಸೊ' ಅಂತ ಇದನ್ನ ಹಾಕಿದ್ರೆ ಬಾಯಿಗಿಡೋಕಾಗಲ್ಲ. ಒಂದು ದೊಡ್ಡ ಚಮಚ ಮಿಸೊ ಸುಮಾರು 18 ಗ್ರಾಂ ತೂಗತ್ತೆ, ಶಿನ್ಶು ಆದ್ರೆ ಅದ್ರಲ್ಲಿ 2 ಗ್ರಾಂಗಿಂತ ಜಾಸ್ತಿ ಉಪ್ಪು, ಸೈಕ್ಯೊ ಆದ್ರೆ ಸುಮಾರು 1 ಗ್ರಾಂ. ಅಂಕಿ 5ರಿಂದ 7ರ ಒಳಗಿದ್ರೆ ಅದು ನಿಜವಾದ ಸಿಹಿ ಬಿಳಿ, 11ರಿಂದ 13 ಇದ್ರೆ ಬಣ್ಣ ಎಷ್ಟೇ ಬೆಳ್ಳಗಿರ್ಲಿ ಕರಕುಚಿನೇ.

ಮೂರನೇದು ಪದಾರ್ಥಗಳ ಪಟ್ಟಿ. ಸೋಯಾ, ಅಕ್ಕಿ, ಉಪ್ಪು ಅಷ್ಟೇ ಇದ್ರೆ ಸಮಾಧಾನ. ಸ್ವಲ್ಪ ಆಲ್ಕೊಹಾಲ್ ಸೇರಿಸಿರೋದು ತುಂಬಾ ಡಬ್ಬಗಳಲ್ಲಿ ಇರತ್ತೆ, ಪ್ಯಾಕ್ ಆದ್ಮೇಲೆ ಮತ್ತೆ ಹುದುಗಿ ಡಬ್ಬ ಉಬ್ಬಬಾರದು ಅಂತ ಹಾಕಿರೋದು. ಅದು ಬೇಡ ಅನ್ನೋರು 'ನಾಮಾ ಮಿಸೊ' ಅಂತ ಮಾರೋದ್ರಲ್ಲಿ ಹುಡುಕಿ, ನಾಮಾ ಅಂದ್ರೆ ಹಸಿ, ಬಿಸಿ ಮಾಡಿ ಕೊಂದಿರಲ್ಲ, ಅದ್ರ ಡಬ್ಬಕ್ಕೆ ಗಾಳಿ ಆಚೆ ಹೋಗೋಕೆ ಸಣ್ಣ ಕಿಂಡಿ ಇಟ್ಟಿರ್ತಾರೆ. ಇನ್ನು ಮೀನು. ಕತ್ಸುವೊ ಅಂದ್ರೆ ಬೊನಿಟೊ ಮೀನು, ನಿಬೋಶಿ ಅಂದ್ರೆ ಒಣಗಿಸಿದ ಸಣ್ಣ ಮೀನು, ಈ ಎರಡು ಮಾತು ಚೀಟಿಯಲ್ಲಿ ಕಂಡ್ರೆ ವಾಪಸ್ ಇಟ್ಬಿಡಿ. ನನ್ನ ಅನುಭವದಲ್ಲಿ ಅಂಗಡಿಯಲ್ಲಿ 'ಇದು ಸಸ್ಯಾಹಾರವಾ' ಅಂತ ಕೇಳಿದ್ರೆ ಮಾಂಸ ಇಲ್ಲ ಅನ್ನೋ ಅರ್ಥದಲ್ಲಿ ಹೌದು ಅಂದುಬಿಡ್ತಾರೆ, ಮೀನಿನ ಸಾರ ಅವ್ರ ಲೆಕ್ಕಕ್ಕೇ ಬರಲ್ಲ, ತಪ್ಪು ಅವ್ರದ್ದಲ್ಲ, ಅದಕ್ಕೇ 'ದಾಶಿ ಇದೆಯಾ' ಅಂತ ಹೆಸರು ಹಿಡಿದು ಕೇಳಿ.

ಶಿನ್ಶು: ದಿನಾ ಬಳಸೋಕೆ

ಶಿನ್ಶು ಅನ್ನೋದು ನಾಗಾನೊ ಪ್ರಾಂತ್ಯದ ಹಳೇ ಹೆಸ್ರು, ಬೆಟ್ಟಗುಡ್ಡದ ತಂಪು ಸೀಮೆ. ಜಪಾನಿನ ಮಿಸೊದಲ್ಲಿ ಸುಮಾರು ಅರ್ಧ ಅಲ್ಲಿಂದಲೇ ಬರತ್ತೆ. ಕೆಲವು ತಿಂಗಳು ಹಣ್ಣಾಗಿರತ್ತೆ, ಉಪ್ಪು ಸುಮಾರು 12 ಗ್ರಾಂ, ಸಿಹಿ ಹಿಂದೆ ಸರಿದು ಒಂದು ಚೂರು ಹುಳಿ ಎಳೆ ಇರತ್ತೆ. ತೋಫು, ಆಲೂಗಡ್ಡೆ, ಎಲೆಕೋಸು, ಈರುಳ್ಳಿ, ಪಾಲಕ್, ಕುಂಬಳಕಾಯಿ, ಯಾವ ತರಕಾರಿ ಹಾಕಿದ್ರೂ ಜಗಳ ಆಡಲ್ಲ. ಇದ್ರ ದೊಡ್ಡ ಗುಣ ಅದೇ, ಇದಕ್ಕಿಂತ ರುಚಿಯಾದ ಮಿಸೊ ಇದೆ, ಆದ್ರೆ ಇದರಷ್ಟು ಹೊಂದ್ಕೊಂಡು ಹೋಗೋದು ಇನ್ನೊಂದಿಲ್ಲ.

ಸೆಂದಾಯ್ ಮಿಸೊ ಇದ್ರ ಗಟ್ಟಿ ಅಣ್ಣ ಅನ್ನಿ. ಮಿಯಾಗಿ ಪ್ರಾಂತ್ಯದ್ದು, ಅಕ್ಕಿ ಕೋಜಿನೇ ಆದ್ರೆ ಅಕ್ಕಿ ಪ್ರಮಾಣ ಸೋಯಾದ ಸುಮಾರು ಅರ್ಧ ಮಾತ್ರ, ಹಾಗಾಗಿ ಕೆಂಪಗೆ, ಉಪ್ಪಾಗಿ, ದಪ್ಪ ರುಚಿ. ಸೆಂದಾಯ್ ಊರು ಕಟ್ಟಿದ ದಾತೆ ಮಸಮುನೆ ಅನ್ನೋ ದೊರೆ ತನ್ನ ಕೋಟೆಯಲ್ಲಿ ಮಿಸೊ ಮಾಡೋಕೆ ಉಗ್ರಾಣ ಕಟ್ಟಿಸಿದ್ದ, ಸೈನ್ಯಕ್ಕೆ ಊಟ ಆಗ್ಬೇಕಲ್ಲ. ಅಣಬೆ, ಸುಟ್ಟ ಬದನೆಕಾಯಿ ಥರ ಗಟ್ಟಿ ರುಚಿ ಇರೋದಕ್ಕೆ ಇದು ಚೆನ್ನಾಗಿರತ್ತೆ. ಶಿನ್ಶು ಸಿಗದೇ ಇದು ಸಿಕ್ರೆ ಕಾಲು ಭಾಗ ಕಮ್ಮಿ ಹಾಕಿ ಶುರು ಮಾಡಿ.

ಸೈಕ್ಯೊ: ಸಿಹಿ ಬೇಕಾದ ಕಡೆ

ಇದ್ರಲ್ಲಿ ಅಕ್ಕಿ ಸೋಯಾದ ಎರಡರಷ್ಟು ಇರತ್ತೆ, ಉಪ್ಪು 5 ಗ್ರಾಂ ಆಸುಪಾಸು, ಕೆಲವೇ ವಾರದಲ್ಲಿ ತಯಾರು. ಬೆರಳಲ್ಲಿ ತೆಗೆದು ನೆಕ್ಕಿದ್ರೆ ಉಪ್ಪಿಗಿಂತ ಮೊದ್ಲು ಸಿಹಿ ಬರತ್ತೆ, ಅದೂ ಸಕ್ಕರೆ ಸಿಹಿ ಅಲ್ಲ, ಅಕ್ಕಿ ಹಿಟ್ಟಿನ ಗಂಜಿಗೆ ಹಾಲು ಬೆರೆಸಿದ ಹಾಗೆ ಮೆತ್ತಗಿನ ಸಿಹಿ. ಕ್ಯೋಟೊದಲ್ಲಿ ಹೊಸ ವರ್ಷದ ದಿನ ಮಾಡೋ ಒಜೋನಿ ಇದ್ರಲ್ಲೇ, ಬೆಳ್ಳಗಿನ ಗಟ್ಟಿ ಸಾರಿನಲ್ಲಿ ದುಂಡಗಿನ ಮೋಚಿ (ಅಂಟು ಅಕ್ಕಿ ಕುಟ್ಟಿ ಮಾಡಿದ ಉಂಡೆ), ಕೆಸವಿನ ಗೆಡ್ಡೆ, ಮೂಲಂಗಿ. ಎಷ್ಟೋ ಮನೆಗಳಲ್ಲಿ ಬರೀ ಕೊಂಬು ಅನ್ನೋ ಸಮುದ್ರದ ಎಲೆ ನೆನೆಸಿದ ನೀರಲ್ಲೇ ಮಾಡ್ತಾರೆ, ಮೇಲೆ ಮೀನಿನ ಹೆರೆಗಳು ಉದುರಿಸೋರೂ ಇದಾರೆ, ಬೇಡ ಅಂತ ಮೊದ್ಲೇ ಹೇಳ್ಬೇಕು. ಚಹಾ ಸಮಾರಂಭದ ಊಟದಲ್ಲಿ ಚಳಿಗಾಲಕ್ಕೆ ಬಿಳಿ ಮಿಸೊ, ಬೇಸಿಗೆ ಹತ್ರ ಬಂದ ಹಾಗೆ ಸ್ವಲ್ಪ ಸ್ವಲ್ಪವೇ ಕೆಂಪು ಬೆರೆಸ್ತಾ ಹೋಗೋ ಪದ್ಧತಿ ಇದೆ, ಬಿಸಿಲಿಗೆ ಸಿಹಿ ಸಾರು ಯಾರಿಗೂ ಬೇಡ ಅನ್ನೋದು ನಾಲಿಗೆ ಬಲ್ಲ ಯಾರಿಗಾದ್ರೂ ಅರ್ಥ ಆಗೋ ಮಾತು.

ದಿನದ ಸಾರಿಗೆ ಇದೊಂದನ್ನೇ ನೆಚ್ಕೊಳ್ಳೋದು ಬೇಡ, ದುಬಾರಿ ಆಗತ್ತೆ, ಬೇಸರನೂ ಬರತ್ತೆ. ತರಕಾರಿ ಮೇಲೆ ಸವರೋಕೆ, ಕೋಸಂಬರಿ ಥರದ ಹಸಿ ಪಲ್ಯಗಳಿಗೆ, ಎಳ್ಳಿನ ಜೊತೆಗೆ ಇದಕ್ಕೆ ಸಾಟಿ ಇಲ್ಲ. ಬೀನ್ಸ್‌ನ ಉಪ್ಪು ನೀರಲ್ಲಿ ಹಸಿರು ಕೆಡದ ಹಾಗೆ ಬೇಯಿಸಿ, ಎರಡು ದೊಡ್ಡ ಚಮಚ ಬಿಳಿ ಎಳ್ಳು ಘಮ್ ಅನ್ನೋ ತನಕ ಹುರಿದು ಒರಳಲ್ಲಿ ಅರ್ಧಂಬರ್ಧ ಕುಟ್ಟಿ, ಅದಕ್ಕೇ ಒಂದು ದೊಡ್ಡ ಚಮಚ ಬಿಳಿ ಮಿಸೊ ಹಾಕಿ ತಿರುವಿ, ಬೀನ್ಸ್ ಕಲೆಸಿ. ಸಕ್ಕರೆ ಬೇಡ. ಹತ್ತು ನಿಮಿಷದ ಕೆಲಸ, ಅನ್ನದ ಜೊತೆ ಹೊಂದತ್ತೆ, ಚಪಾತಿ ಜೊತೆ ಇನ್ನೂ ಚೆನ್ನ.

ಹಾಚ್ಚೊ: ನಮ್ಮ ಪಕ್ಕದೂರಿನ ಕಪ್ಪು ಮಿಸೊ

ಇದ್ರ ಬಗ್ಗೆ ನನಗೆ ಪಕ್ಷಪಾತ ಇದೆ, ಒಪ್ಕೋತೀನಿ. ಒಕಜಾಕಿ ಕೋಟೆಯಿಂದ, ಅಂದ್ರೆ ಜಪಾನನ್ನ ಆಳಿದ ಶೋಗನ್ ತೊಕುಗಾವಾ ಇಎಯಾಸು ಹುಟ್ಟಿದ ಕೋಟೆಯಿಂದ, ಪಶ್ಚಿಮಕ್ಕೆ ಎಂಟು 'ಚೊ' ದೂರದ ಹಳ್ಳಿ, ಸುಮಾರು 870 ಮೀಟರ್ ಆಗತ್ತೆ, ಹಾಚ್ಚೊ ಅಂದ್ರೆ ಎಂಟು ಚೊ ಅಷ್ಟೇ. ಹಳೇ ತೊಕೈದೊ ಹೆದ್ದಾರಿಯ ಎರಡು ಬದಿಗೆ ಎದುರುಬದುರು ಎರಡು ಕಂಪನಿ, ಮಾರುಯಾ ಮತ್ತು ಕಕುಕ್ಯು, ಇವತ್ತಿಗೂ ಅಲ್ಲೇ ಮಾಡ್ತವೆ.

ಉಗ್ರಾಣದ ಒಳಗೆ ಕಾಲಿಟ್ರೆ ಮೊದ್ಲು ವಾಸನೆ ಬಡಿಯತ್ತೆ, ಹಳೇ ಉಪ್ಪಿನಕಾಯಿ ಭರಣಿ ಮುಚ್ಚಳ ತೆಗೆದಾಗಿನ ಉಪ್ಪು, ಜೊತೆಗೆ ಒದ್ದೆ ಮರ, ಜೊತೆಗೆ ಸುಟ್ಟ ಬೆಲ್ಲದ ಥರ ಏನೋ. ಆಳೆತ್ತರಕ್ಕಿಂತ ದೊಡ್ಡ ಸೀಡರ್ ಮರದ ಪೀಪಾಯಿಗಳು, ಸುತ್ತ ಬಿದಿರಿನ ಹೆಣಿಗೆ ಬಳೆ, ಒಂದೊಂದರಲ್ಲಿ ಸುಮಾರು 6 ಟನ್ ಮಿಸೊ. ಅದ್ರ ಮೇಲೆ ಸುಮಾರು 3 ಟನ್ ಹೊಳೆ ಕಲ್ಲು, ಸಿಮೆಂಟು ಹಗ್ಗ ಏನೂ ಇಲ್ದೆ ಗೋಪುರದ ಹಾಗೆ ಜೋಡಿಸಿರ್ತಾರೆ, ದೊಡ್ಡ ಕಲ್ಲು ಕೆಳಗೆ, ಸಂದಿಗೆ ಸಣ್ಣದು, ಭೂಕಂಪಕ್ಕೂ ಉರುಳದ ಹಾಗೆ ಪೇರಿಸೋದನ್ನ ಕಲಿಯೋಕೇ ವರ್ಷಗಟ್ಟಲೆ ಬೇಕಂತೆ. ಆ ಭಾರದಲ್ಲಿ ಸೋಯಾ, ಉಪ್ಪು, ನೀರು, ಇಷ್ಟೇ, ಎರಡು ಬೇಸಿಗೆ ಎರಡು ಚಳಿಗಾಲ ಕಳೀಬೇಕು. ನೀರು ತುಂಬಾ ಕಮ್ಮಿ ಹಾಕೋದ್ರಿಂದ ಕೈಗೆ ಗಟ್ಟಿಯಾಗಿ, ಒಣಗಿದ ಹುಣಸೆಹಣ್ಣಿನ ಉಂಡೆ ಥರ ಸಿಗತ್ತೆ. 2017ರ ಕೊನೇಲಿ ಸರ್ಕಾರ ಹಾಚ್ಚೊ ಮಿಸೊಗೆ ಕೊಟ್ಟ ಭೌಗೋಳಿಕ ಗುರುತು (ಜಿಐ ಟ್ಯಾಗ್) ಇಡೀ ಐಚಿ ಪ್ರಾಂತ್ಯದ ತಯಾರಕರ ಸಂಘಕ್ಕೆ ಹೋಯ್ತು, ಈ ಎರಡು ಹಳೇ ಮನೆಗಳು ಅದ್ರಿಂದ ಹೊರಗುಳಿದ್ವು, ಅದ್ರ ಮೇಲೆ ದೊಡ್ಡ ತಗಾದೆಯೇ ಆಯ್ತು. ಎಂಟು ಚೊ ದೂರದ ಊರಿನ ಹೆಸ್ರನ್ನ ಆ ಊರಿನವ್ರೇ ಹಾಕ್ಕೊಳ್ಳೋಕೆ ಒದ್ದಾಡೋ ಹಾಗಾಗಿದ್ದು ನನಗಂತೂ ಸರಿ ಅನ್ಸಲ್ಲ.

ರುಚಿಗೆ ಬಂದ್ರೆ ಮೊದಲ ಸಲ ಎಲ್ರಿಗೂ ಹಿಡಿಸಲ್ಲ. ಸಿಹಿ ಇಲ್ವೇ ಇಲ್ಲ, ಒಗರು, ಸ್ವಲ್ಪ ಕಹಿ, ಸ್ವಲ್ಪ ಹುಳಿ, ಆಮೇಲೆ ತುಂಬಾ ಹೊತ್ತು ನಾಲಿಗೆ ಮೇಲೆ ನಿಲ್ಲೋ ಆಳವಾದ ಉಮಾಮಿ. ಕಾಫಿಗೆ ಸಕ್ಕರೆ ಹಾಕದೇ ಕುಡಿಯೋರಿಗೆ ಬೇಗ ಹಿಡಿಸತ್ತೆ ಅಂತ ನನ್ನ ಲೆಕ್ಕ. ಬೇರೆ ಮಿಸೊಗಿಲ್ಲದ ಒಂದು ಗುಣ ಇದಕ್ಕಿದೆ, ಕುದಿಸಿದ್ರೂ ಕೆಡಲ್ಲ. ಅಕ್ಕಿ ಮಿಸೊನ ಕುದಿಸಿದ್ರೆ ಘಮ ಹಾರಿ ಹೋಗಿ ಬರೀ ಉಪ್ಪು ಉಳಿಯತ್ತೆ, ಹಾಚ್ಚೊ ಕುದ್ದಷ್ಟೂ ಒಗರು ಇಳಿದು ಮೆತ್ತಗಾಗತ್ತೆ, ಅದಕ್ಕೇ ನಗೋಯಾದ ಮಿಸೊ ನಿಕೊಮಿ ಉದೊನ್ (ದಪ್ಪ ಗೋಧಿ ನೂಡಲ್ಸ್) ಮಣ್ಣಿನ ಮಡಕೆಯಲ್ಲಿ ಕೊತಕೊತ ಕುದೀತಾನೇ ಟೇಬಲ್‌ಗೆ ಬರೋದು (ಅದ್ರ ಸಾರು ಮೀನಿಂದು, ಮನೇಲಿ ಕೊಂಬು ಹಾಕಿ ಮಾಡ್ಕೋಬೇಕು). ನಮ್ಮ ಪ್ರಾಂತ್ಯದ್ದೇ ಇನ್ನೊಂದು ಊರು ತೊಯೊಹಾಶಿ, ಅಲ್ಲಿ ನಮೆಶಿ ದೆಂಗಾಕು ಅಂತ ಮಾಡ್ತಾರೆ, ತೋಫುನ ಬಿದಿರ ಕಡ್ಡಿಗೆ ಚುಚ್ಚಿ ಕೆಂಪು ಮಿಸೊ ಸವರಿ ಸುಟ್ಟು, ಮೂಲಂಗಿ ಸೊಪ್ಪಿನ ಅನ್ನದ ಜೊತೆ ಕೊಡೋದು. ದಾಶಿ ಬಗ್ಗೆ ಕೇಳ್ಕೊಂಡು ಒಂದ್ಸಲ ತಿನ್ನಿ, ನಮ್ಮೂರಿಂದ ಬಂದೋರಿಗೆಲ್ಲ ನಾನು ಮೊದ್ಲು ತಿನ್ನಿಸೋದು ಇದನ್ನೇ. ಒಂದು ಎಚ್ಚರಿಕೆ, 'ಆಕದಾಶಿ ಮಿಸೊ' ಅಂತ ಇದ್ರ ಪಕ್ಕದಲ್ಲೇ ಮಾರೋದು ಬೇರೆ, ಸೋಯಾ ಮಿಸೊಗೆ ಅಕ್ಕಿ ಮಿಸೊ ಬೆರೆಸಿ ತುಂಬಾ ಸಲ ಮೀನಿನ ಸಾರನೂ ಸೇರಿಸಿರ್ತಾರೆ.

ಬಾರ್ಲಿ ಮಿಸೊ, ಮತ್ತೆ ನಂಚ್ಕೊಳ್ಳೋ ಮಿಸೊ

ಕ್ಯೂಶು, ಎಹಿಮೆ, ಯಾಮಗುಚಿ ಕಡೆ ಬಾರ್ಲಿ ಮಿಸೊನೇ ಮನೆ ಮಿಸೊ. ಹುರಿದ ಹಿಟ್ಟಿನ ವಾಸನೆ, ಸಿಹಿ ಮುಂದು, ಕಾಳಿನ ಸಿಪ್ಪೆ ಅಲ್ಲಲ್ಲಿ ಹಲ್ಲಿಗೆ ಸಿಗತ್ತೆ. ಗೆಣಸು, ಕುಂಬಳಕಾಯಿ ಸಾರಿಗೆ ಒಳ್ಳೇದು. ಸಿಕ್ರೆ ಖಂಡಿತಾ ತಗೊಳ್ಳಿ, ಹುಡುಕ್ಕೊಂಡು ಅಲೆಯೋ ಅಗತ್ಯ ಇಲ್ಲ.

ಕಿಂಜಂಜಿ ಮಿಸೊ ಬೇರೆ ಜಾತಿ. ವಕಯಾಮಾ ಕಡೆಯದ್ದು, ಧಾನ್ಯದ ಜೊತೆ ಬದನೆ, ಸೋರೆ ಜಾತಿಯ ಕಾಯಿ, ಶುಂಠಿ ಎಲ್ಲಾ ಹಾಕಿ ಹುದುಗಿಸಿರ್ತಾರೆ, ಸಾರಿಗಲ್ಲ, ಬಿಸಿ ಅನ್ನಕ್ಕೆ, ಗಂಜಿಗೆ ನಂಚ್ಕೊಳ್ಳೋಕೆ. ಉಪ್ಪಿನಕಾಯಿ ಇಲ್ದೆ ಮೊಸರನ್ನ ಇಳಿಯಲ್ಲ ಅನ್ನೋರು ಒಂದು ಸಣ್ಣ ಡಬ್ಬ ತಂದು ನೋಡಿ, ಸೌತೆಕಾಯಿ ಜೊತೆಗಂತೂ ಖಾಲಿ ಆಗಿದ್ದೇ ಗೊತ್ತಾಗಲ್ಲ.

ಸಾರು ಮಾಡೋದು, ಮೀನಿಲ್ದೆ

ಮಿಸೊ ಎಷ್ಟೇ ಒಳ್ಳೇದಿರ್ಲಿ, ಬರೀ ನೀರಲ್ಲಿ ಕದಡಿದ್ರೆ ಸಪ್ಪೆ. ಕೆಳಗೆ ಒಂದು ದಾಶಿ ಬೇಕು. ಜೆನ್ ಮಠಗಳ ಶೋಜಿನ್ ಅಡುಗೆಯಲ್ಲಿ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಯಾವ್ದೂ ಹಾಕಲ್ಲ, ಕೊಂಬು ಮತ್ತೆ ಒಣ ಶಿಟಾಕೆ ಅಣಬೆ ಅಷ್ಟೇ, ನಮಗೆ ಅದೇ ದಾರಿ. ಒಂದು ಲೀಟರ್ ತಣ್ಣೀರಿಗೆ 10 ಗ್ರಾಂ ಕೊಂಬು, ಎರಡು ಮೂರು ಒಣ ಶಿಟಾಕೆ ಹಾಕಿ ರಾತ್ರಿ ಫ್ರಿಜ್‌ನಲ್ಲಿಡಿ, ಬೆಳಿಗ್ಗೆ ಹೊಂಬಣ್ಣದ ನೀರು ತಯಾರು. ಕೊಂಬು ಮೇಲಿನ ಬಿಳಿ ಪುಡಿ ತೊಳೀಬೇಡಿ. 1908ರಲ್ಲಿ ಕಿಕುನಾಯೆ ಇಕೆದಾ ಗ್ಲುಟಮೇಟ್ ಬೇರ್ಪಡಿಸಿ ಉಮಾಮಿ ಅಂತ ಹೆಸರಿಟ್ಟಿದ್ದು ಇದೇ ಕೊಂಬು ಸಾರಿನಿಂದ, ಶಿಟಾಕೆಯಲ್ಲಿ ಇನ್ನೊಂದು ಜಾತಿ ಉಮಾಮಿ ಇದೆ, ಎರಡು ಸೇರಿದ್ರೆ ರುಚಿ ಒಂದಕ್ಕೊಂದು ಕೂಡೋದಲ್ಲ, ಹಲವು ಪಟ್ಟು ಏರತ್ತೆ.

ಒಬ್ರಿಗೆ 150 ಮಿಲಿ ದಾಶಿಗೆ ಎರಡು ಸಣ್ಣ ಚಮಚ ಶಿನ್ಶು, 12 ಗ್ರಾಂ ಆಗತ್ತೆ. ತರಕಾರಿ ದಾಶಿಯಲ್ಲಿ ಬೇಯಿಸಿ, ತೋಫು ಹಾಕಿ ಬಿಸಿ ಮಾಡಿ, ಒಲೆ ಆರಿಸಿ, ಆಮೇಲೆ ಮಿಸೊ. ನನಗೆ ಇದನ್ನ ಕಲಿಸಿದ್ದು ಪಕ್ಕದ್ಮನೆ ಅಜ್ಜಿ. ನಾನು ಮೊದ್ಲೇ ಮಿಸೊ ಹಾಕಿ, ನಮ್ಮನೆ ಅಭ್ಯಾಸದ ಹಾಗೆ 'ಒಂದು ಕುದಿ ಬರ್ಲಿ' ಅಂತ ಬಿಡ್ತಿದ್ದೆ. ಅವ್ರು ಒಂದಿನ ನೋಡಿ ಏನೂ ಹೇಳ್ದೆ ನನ್ನ ಕೈಯಿಂದ ಸೌಟು ತಗೊಂಡು, ಒಲೆ ಆರಿಸಿ, ಸೌಟಲ್ಲಿ ಸ್ವಲ್ಪ ಬಿಸಿ ದಾಶಿ ತುಂಬ್ಕೊಂಡು, ಅದ್ರಲ್ಲೇ ಮಿಸೊ ಇಟ್ಟು ಕಡ್ಡಿ ತುದಿಯಿಂದ ಗಂಟಿಲ್ಲದ ಹಾಗೆ ಕದಡಿ ಪಾತ್ರೆಗೆ ಬಿಟ್ರು, ಮೋಡ ಏಳೋ ಹಾಗೆ ಪಾತ್ರೆ ತುಂಬಾ ಹರಡ್ತು. ಬಟ್ಟಲಿಗೆ ಹಾಕಿ ಮೊದ್ಲು ಮೂಗಿನ ಹತ್ರ ಹಿಡಿ ಅಂತ ಸನ್ನೆ ಮಾಡಿದ್ರು. ಆವತ್ತೇ ಗೊತ್ತಾಗಿದ್ದು ನಾನು ಅಷ್ಟು ದಿನ ಕುದಿಸಿ ಕಳೆದಿದ್ದು ಏನು ಅಂತ. ಎರಡು ಮಿಸೊ ಬೆರೆಸೋದು ಅವಾಸೆ, ನಮ್ಮನೆ ಹದ ಎರಡು ಭಾಗ ಶಿನ್ಶು, ಒಂದು ಭಾಗ ಹಾಚ್ಚೊ.

ಬದನೆಕಾಯಿ ದೆಂಗಾಕು

ಒಂದು ಅಡುಗೆ ಮಾತ್ರ ಪೂರ್ತಿ ಹೇಳ್ತೀನಿ ಅಂದ್ರೆ ಇದೇ, ಬದನೆಕಾಯಿ ಬಲ್ಲ ಜನಕ್ಕೆ ಇದು ಅರ್ಥ ಆಗತ್ತೆ. ಹಾಚ್ಚೊ ಮೂರು ದೊಡ್ಡ ಚಮಚ, ಸಕ್ಕರೆ ಮೂರು, ಮಿರಿನ್ ಎರಡು, ನೀರು ಎರಡು. ಎಲ್ಲಾ ಸಣ್ಣ ಪಾತ್ರೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೇ ತಿರುವಿ, ತಳದಲ್ಲಿ ಸೌಟು ಎಳೆದ್ರೆ ದಾರಿ ಒಂದು ಕ್ಷಣ ನಿಂತು ಮುಚ್ಕೋಬೇಕು, ಕಜ್ಜಾಯದ ಪಾಕದ ಮೇಲೆ ಕಣ್ಣಿಟ್ಟ ಹಾಗೆ ಇಟ್ಟಿರಿ, ತಣ್ಣಗಾದ್ಮೇಲೆ ಇನ್ನೂ ಗಟ್ಟಿ ಆಗತ್ತೆ. ಮಿರಿನ್‌ನಲ್ಲಿ ಆಲ್ಕೊಹಾಲ್ ಇರತ್ತೆ, ಬೇಡ ಅಂದ್ರೆ ನೀರು, ಇನ್ನೊಂದು ಚೂರು ಸಕ್ಕರೆ ಸಾಕು. ಉದ್ದ ಬದನೆಕಾಯಿ ಸೀಳಿ, ತಿರುಳಿನ ಮೇಲೆ ಅಡ್ಡಡ್ಡ ಗೀರಿ, ಧಾರಾಳ ಎಣ್ಣೆಯಲ್ಲಿ ತಿರುಳು ಕೆಳಗೆ ಮಾಡಿ ಕೆಂಪಾಗೋ ತನಕ ಬೇಯಿಸಿ, ತಿರುಗಿಸಿ ಮುಚ್ಚಳ ಮುಚ್ಚಿ. ಚಮಚ ಇಟ್ರೆ ಇಳೀಬೇಕು. ಮೇಲೆ ಮಿಸೊ ಸವರಿ ಗ್ರಿಲ್‌ನಲ್ಲಿ ಎರಡು ಮೂರು ನಿಮಿಷ, ಗುಳ್ಳೆ ಎದ್ದು ಅಂಚು ಸ್ವಲ್ಪ ಕರಕಲಾದ್ರೆ ಎಳ್ಳು ಉದುರಿಸಿ. ಸೈಕ್ಯೊದಲ್ಲಿ ಮಾಡೋದಾದ್ರೆ ಸಕ್ಕರೆ ಬಿಟ್ಬಿಡಿ, ಮಿರಿನ್ ಒಂದೇ ಚಮಚ. ಬಿಳಿದು ನಾಜೂಕು, ಕಪ್ಪುದು ಅನ್ನಕ್ಕೆ ಗಟ್ಟಿ, ನನ್ನ ಮತ ಕಪ್ಪಿಗೆ.

ನಮ್ಮ ಅಡುಗೆಗೆ ಹಾಕ್ಬಹುದಾ ಅಂತ ತುಂಬಾ ಜನ ಕೇಳ್ತಾರೆ. ಹುಣಸೆ, ಇಂಗು, ಸಾರಿನ ಪುಡಿ ಇರೋ ಕಡೆ ಬೇಡ, ನಾನು ಮಾಡಿ ನೋಡಿದೀನಿ, ಇಂಗು ಮಿಸೊ ಎರಡೂ ನಾನು ಮುಂದು ತಾನು ಮುಂದು ಅಂತ ನಿಲ್ತವೆ. ಎಳ್ಳು, ಕಡ್ಲೆಕಾಯಿ, ಬೆಣ್ಣೆ, ಜೋಳ, ಆಲೂಗಡ್ಡೆ ಇವು ಹೊಂದ್ಕೋತವೆ. ಬೇಯಿಸಿದ ಮುಸುಕಿನ ಜೋಳಕ್ಕೆ ಬೆಣ್ಣೆ ಎರಡು ಪಾಲು, ಶಿನ್ಶು ಒಂದು ಪಾಲು ಕಲೆಸಿ ಸವರಿ, ಬೇರೆ ಉಪ್ಪು ಬೇಡ.

ಇಟ್ಕೊಳ್ಳೋದು

ಡಬ್ಬ ತೆಗೆದ್ಮೇಲೆ ಮಿಸೊ ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಒತ್ತಿ ಫ್ರಿಜ್‌ನಲ್ಲಿಡಿ. ಹೊರಗಿಟ್ರೆ ಕೆಡೋದಕ್ಕಿಂತ ಮೊದ್ಲು ಬಣ್ಣ ಗಾಢ ಆಗತ್ತೆ, ಸೈಕ್ಯೊ ಅಂತೂ ಬೇಗ ಕಂದಾಗಿ ಸಿಹಿ ಕಳ್ಕೊಳತ್ತೆ, ಉಪ್ಪು ಕಮ್ಮಿ ಅಲ್ವಾ, ತೆಗೆದ ಒಂದೆರಡು ತಿಂಗಳಲ್ಲಿ ಮುಗಿಸಿಬಿಡಿ. ಮೇಲೆ ಕಂದು ನೀರು ನಿಂತ್ರೆ ಅದು ತಮಾರಿ, ಉಮಾಮಿಯ ಸಾರ, ಚೆಲ್ಲದೇ ಕಲೆಸಿ. ಹಳೇ ಮಿಸೊ ಒಳಗೆ ಮರಳಿನಂಥ ಬಿಳಿ ಕಾಳು ಕಂಡ್ರೆ ಅದು ಟೈರೊಸಿನ್ ಅನ್ನೋ ಅಮೈನೊ ಆಮ್ಲ ಹರಳುಗಟ್ಟಿರೋದು, ತಿನ್ನಬಹುದು. ಹಸಿರು, ಕಪ್ಪು ಬೂಷ್ಟು ಬಂದ್ರೆ ಮಾತ್ರ ಯೋಚನೆ ಮಾಡಿ, ಅಂಗಡಿ ಡಬ್ಬದಲ್ಲಿ ಬಂದ್ರೆ ನಾನು ಎಸೀತೀನಿ. ಫ್ರೀಜರ್‌ನಲ್ಲಿ ಇಡೋದು ಎಲ್ಲಕ್ಕಿಂತ ಒಳ್ಳೇದು, ಉಪ್ಪಿರೋದ್ರಿಂದ ಕಲ್ಲಾಗಲ್ಲ, ಚಮಚ ಸಲೀಸಾಗಿ ಇಳಿಯತ್ತೆ. ಊರಿಗೆ ಒಯ್ಯೋರು ಡಬ್ಬನ ಚೆಕ್-ಇನ್ ಬ್ಯಾಗಲ್ಲೇ ಹಾಕಿ, ಕೈಚೀಲದಲ್ಲಿ ಇದನ್ನ ದ್ರವದ ಲೆಕ್ಕಕ್ಕೆ ಹಿಡೀತಾರೆ. ಮತ್ತೆ ನಾಮಾ ಮಿಸೊ ಆದ್ರೆ ಎರಡು ಕವರ್ ಸುತ್ತಿ, ಆ ಗಾಳಿ ಕಿಂಡಿಯಿಂದ ತಮಾರಿ ಒಸರತ್ತೆ, ಬಟ್ಟೆಗೆ ಹತ್ತಿದ್ರೆ ಕಲೆ ಹೋಗಲ್ಲ.